ರಂಗಗೀತೆಗಳ ಶಿಲ್ಪಿ ಬೆಳ್ಳಾವೆ ನರಹರಿ ಶಾಸ್ತ್ರಿ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯ ಹಳ್ಳಿಗಳಲ್ಲಿ ಸುಗ್ಗಿ ಮುಗಿದು ಜಾತ್ರೆಗಳ ಕಾಲ ಬಂದಿತೆಂದರೆ ಪೌರಾಣಿಕ ನಾಟಕಗಳ ಸಡಗರವೂ ಜೊತೆಯಲ್ಲೇ ಬರುತ್ತದೆ. ಬಾಡಿಗೆಯ ಪರದೆಗಳು ಏರುತ್ತವೆ, ಹಾರ್ಮೋನಿಯಂ ಮೇಷ್ಟ್ರು ಶ್ರುತಿ ಹಿಡಿಯುತ್ತಾರೆ, ಹಗಲೆಲ್ಲ ಹೊಲದಲ್ಲಿ ದುಡಿದವನು ರಾತ್ರಿ ಕಿರೀಟ ತೊಟ್ಟು ಕೃಷ್ಣನೋ ದುರ್ಯೋಧನನೋ ಆಗಿ ಬೆಳಗಾಗುವವರೆಗೆ ಹಾಡುತ್ತಾನೆ. ಹಾಡಿದವನ ಹೆಸರನ್ನು ಊರು ನೆನಪಿಡುತ್ತದೆ. ಕಲಿಸಿದ ಮೇಷ್ಟ್ರ ಹೆಸರನ್ನೂ ನೆನಪಿಡುತ್ತದೆ. ಆದರೆ ಇಂತಹ ನಾಟಕಗಳನ್ನು ಬರೆದವರು ಯಾರೆಂದು ಕೇಳಿದರೆ ಉತ್ತರಿಸುವವರು ವಿರಳ. ಹಾಗೆ ಮರೆವಿಗೆ ಸಂದವರಲ್ಲಿ ನಮ್ಮ ಜಿಲ್ಲೆಯವರೇ ಆದ ಬೆಳ್ಳಾವೆ ನರಹರಿ ಶಾಸ್ತ್ರಿಗಳು ಪ್ರಮುಖರು.

ತುಮಕೂರು ತಾಲ್ಲೂಕಿನ ಬೆಳ್ಳಾವಿ ಒಂದು ಹೋಬಳಿ ಕೇಂದ್ರ. ನರಹರಿ ಶಾಸ್ತ್ರಿಗಳು 1882ರಲ್ಲಿ ಜನಿಸಿದರು. ಹುಟ್ಟೂರಿನ ಹೆಸರನ್ನೇ ತಮ್ಮ ಹೆಸರಿನೊಂದಿಗೆ ಕಟ್ಟಿಕೊಂಡು ಕನ್ನಡ ನಾಡಿನಾದ್ಯಂತ ಅದನ್ನು ಒಯ್ದವರು ಅವರು. ಶಾಸ್ತ್ರಿಗಳಿಗೆ ಎರಡು ವರ್ಷ ತುಂಬುವ ಹೊತ್ತಿಗೆ, 1884ರಲ್ಲಿ, ಅದೇ ಜಿಲ್ಲೆಯ ಗುಬ್ಬಿಯಲ್ಲಿ ಚನ್ನಬಸವೇಶ್ವರ ನಾಟಕ ಸಂಘ ಆರಂಭವಾಯಿತು. ಮುಂದೆ ಗುಬ್ಬಿ ಕಂಪನಿ ಎಂದು ಮನೆಮಾತಾದ ಸಂಸ್ಥೆ ಇದೇ. ಊರಿನ ಕೆಲವು ಕಲಾಪ್ರೇಮಿಗಳು ಕಟ್ಟಿದ ಸಂಘವೊಂದಕ್ಕೂ ಅದರ ಪಕ್ಕದ ಸೀಮೆಯಲ್ಲಿ ಬೆಳೆಯುತ್ತಿದ್ದ ಬಾಲಕನಿಗೂ ಮುಂದೆ ಬೆಸೆಯಲಿದ್ದ ನಂಟನ್ನು ಅಂದು ಯಾರೂ ಊಹಿಸಿರಲಾರರು.

ಆ ಕಾಲದ ಕನ್ನಡ ರಂಗಭೂಮಿಯ ಸ್ಥಿತಿಯನ್ನು ಇಲ್ಲಿ ಸ್ಮರಿಸುವುದು ಅಗತ್ಯ. ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರ ಆಶ್ರಯದಲ್ಲಿ ಅರಮನೆಯ ನಾಟಕ ಮಂಡಳಿ ನಡೆಯುತ್ತಿತ್ತು. ಬಸವಪ್ಪ ಶಾಸ್ತ್ರಿಗಳು ಕಾಳಿದಾಸನ ಶಾಕುಂತಲವನ್ನು ಕನ್ನಡಕ್ಕೆ ತಂದು ಅಭಿನವ ಕಾಳಿದಾಸರೆನಿಸಿಕೊಂಡಿದ್ದರು. ಆದರೆ ಅರಮನೆಯ ನಾಟಕ ಅರಮನೆಯ ಸಭಿಕರಿಗಾಗಿ. ಸಂತೆಗೆ ಬಂದ ರೈತನಿಗೆ, ಅಂಗಡಿಯ ವರ್ತಕನಿಗೆ, ಹೆಣ್ಣುಮಕ್ಕಳಿಗೆ, ಓದು ಬಾರದವರಿಗೆ ಅರ್ಥವಾಗುವ ನಾಟಕ ಬೇರೆಯೇ ಆಗಬೇಕಿತ್ತು. ಊರಿಂದೂರಿಗೆ ಸಂಚರಿಸಿ, ತಗಡಿನ ಕೊಟ್ಟಿಗೆ ಕಟ್ಟಿ, ಟಿಕೆಟ್ಟಿನ ಹಣದಿಂದಲೇ ಹತ್ತಾರು ಕುಟುಂಬಗಳ ಹೊಟ್ಟೆ ಹೊರೆಯುತ್ತಿದ್ದ ವೃತ್ತಿ ಕಂಪನಿಗಳಿಗೆ ಇದು ಅಳಿವು ಉಳಿವಿನ ಪ್ರಶ್ನೆಯಾಗಿತ್ತು. ನಾಟಕ ಸೋತರೆ ಮರುದಿನದ ಅಡುಗೆಗೆ ಅಕ್ಕಿಯಿಲ್ಲ.

ನರಹರಿ ಶಾಸ್ತ್ರಿಗಳು ಈ ಪ್ರಶ್ನೆಗೆ ತಮ್ಮ ಲೇಖನಿಯಿಂದ ಉತ್ತರ ಕೊಟ್ಟರು. ಗುಬ್ಬಿ ಕಂಪನಿಗಾಗಿ ಅವರು ಬರೆದ ನಾಟಕಗಳಲ್ಲಿ ಶ್ರೀಕೃಷ್ಣಲೀಲೆ, ಕಂಸವಧೆ, ರುಕ್ಮಿಣೀ ಸ್ವಯಂವರ, ಜಲಂಧರ ಮುಂತಾದವು ಹೆಸರಾಗಿವೆ. ಭಾಗವತದ ಕಥೆಗಳನ್ನು ಜನ ಮೊದಲೇ ಬಲ್ಲವರು. ಹರಿಕಥೆಯಲ್ಲಿ ಕೇಳಿದ್ದರು, ಬಯಲಾಟದಲ್ಲಿ ನೋಡಿದ್ದರು. ತಿಳಿದ ಕಥೆಯನ್ನೇ ಮತ್ತೊಮ್ಮೆ ಕಾಣಲು ಕಾಸು ಕೊಟ್ಟು ಬರುವಂತೆ ಮಾಡುವುದು ಸುಲಭದ ಮಾತಲ್ಲ. ಸರಳವಾದ ಸಂಭಾಷಣೆ, ಬಾಯಲ್ಲಿ ನಿಲ್ಲುವ ಹಾಡು, ಅಳುವಿನ ಬೆನ್ನಿಗೇ ನಗು ಇವು ಆ ಕಾಲದ ಕಂಪನಿ ನಾಟಕದ ಜೀವಾಳ. ಶಾಸ್ತ್ರಿಗಳು ದುಡಿದದ್ದು ಈ ಸಂಪ್ರದಾಯದೊಳಗೆ.

ಕಂಪನಿ ನಾಟಕದ ಕವಿಯ ಕೆಲಸ ಇಂದಿನ ಲೇಖಕರ ಕೆಲಸದಂತಿರಲಿಲ್ಲ. ಧ್ವನಿವರ್ಧಕಗಳಿಲ್ಲದ ದಿನಗಳವು. ಕೊನೆಯ ಸಾಲಿನಲ್ಲಿ ಚಾಪೆ ಹಾಸಿ ಕುಳಿತವನಿಗೂ ನಟನ ಕಂಠ ತಲುಪಬೇಕು. ನಾಟಕದ ಮಟ್ಟುಗಳು ಕರ್ನಾಟಕ ಸಂಗೀತದಿಂದಲೂ ಹಿಂದುಸ್ತಾನಿಯಿಂದಲೂ ಮರಾಠಿ ಮತ್ತು ಪಾರ್ಸಿ ನಾಟಕಗಳಿಂದಲೂ ಬರುತ್ತಿದ್ದವು. ಎಷ್ಟೋ ಸಲ ಮಟ್ಟು ಮೊದಲು, ಮಾತು ಅನಂತರ. ಹಾರ್ಮೋನಿಯಂ ಮೇಲೆ ನುಡಿದ ಮಟ್ಟಿಗೆ ಕನ್ನಡದ ಶಬ್ದಗಳನ್ನು ಕೂಡಿಸಬೇಕು. ತಾಳ ತಪ್ಪಬಾರದು, ಅರ್ಥ ಕೆಡಬಾರದು, ನಟನ ಉಸಿರಿಗೆ ಎಡೆ ಇರಬೇಕು. ಕಂದ, ವೃತ್ತ, ಸೀಸ ಪದ್ಯಗಳನ್ನೂ ಸಂದರ್ಭಕ್ಕೆ ತಕ್ಕಂತೆ ಹೊಂದಿಸಬೇಕು. ಜನ ಒನ್ಸ್ ಮೋರ್ ಎಂದು ಕೂಗಿದರೆ ಸತ್ತು ಬಿದ್ದ ಪಾತ್ರವೂ ಎದ್ದು ಹಾಡುತ್ತಿದ್ದ ಕಾಲದಲ್ಲಿ ಕವಿಯ ಗೆಲುವು ಸೋಲುಗಳು ಅದೇ ರಾತ್ರಿ ತೀರ್ಮಾನವಾಗುತ್ತಿದ್ದವು.

ಪಶ್ಚಿಮದ ಆಪೆರಾದಲ್ಲಿಯೂ ಇಂತಹ ಜೀವಗಳಿದ್ದವು. ಜರ್ಮನಿಯ ಆಲ್ಬರ್ಟ್ ಲೋರ್ಟ್ಸಿಂಗ್ (1801-1851) ಸಂಚಾರಿ ನಟರ ಮನೆಯಲ್ಲಿ ಬೆಳೆದು, ಹಾಡಿ, ನಟಿಸಿ, ತನ್ನ ಸಂಗೀತ ನಾಟಕಗಳ ಮಾತನ್ನೂ ಬಹುಪಾಲು ತಾನೇ ಹೊಂದಿಸಿ ಜನರನ್ನು ನಗಿಸಿದವನು. ಅವನ ಕೃತಿಗಳು ಊರೂರಲ್ಲಿ ನಡೆಯುತ್ತಿದ್ದಾಗಲೂ ಅವನು ಬಡತನದಲ್ಲಿಯೇ ತೀರಿಕೊಂಡನು. ಜನರಿಗಾಗಿ ದುಡಿದ ರಂಗಕವಿಗೆ ಜನಮನ್ನಣೆ ದೊರೆತರೂ ಪಂಡಿತರ ಪಂಕ್ತಿಯಲ್ಲಿ ಸ್ಥಾನ ದೊರೆಯುವುದು ಕಷ್ಟವೆಂಬುದು ಯಾವ ನಾಡಿಗೂ ಹೊಸತಲ್ಲ.

1917ರಲ್ಲಿ ಗುಬ್ಬಿ ವೀರಣ್ಣನವರು ಕಂಪನಿಯ ಹೊಣೆ ಹೊತ್ತ ನಂತರ ಅದರ ಕೀರ್ತಿ ದಕ್ಷಿಣ ಭಾರತದಲ್ಲೆಲ್ಲ ಹಬ್ಬಿತು. ಸ್ತ್ರೀ ಪಾತ್ರಗಳನ್ನು ಸ್ತ್ರೀಯರೇ ವಹಿಸತೊಡಗಿದರು. ಶಾಸ್ತ್ರಿಗಳ ಹೆಸರಿನೊಂದಿಗೆ ಸೇರಿಹೋಗಿರುವ ಸದಾರಮೆ ನಾಟಕದಲ್ಲಿ ವೀರಣ್ಣನವರು ವಹಿಸುತ್ತಿದ್ದ ಕಳ್ಳನ ಪಾತ್ರ ನಗೆಯ ಹೊನಲನ್ನೇ ಹರಿಸುತ್ತಿತ್ತು. ಈ ನಾಟಕ 1935ರಲ್ಲಿ ಚಲನಚಿತ್ರವೂ ಆಯಿತು.

ಶಾಸ್ತ್ರಿಗಳ ಬದುಕಿನ ಮಹತ್ವದ ಘಟ್ಟ ಒದಗಿದ್ದು ಅವರ ಐವತ್ತೆರಡನೆಯ ವಯಸ್ಸಿನಲ್ಲಿ. ಕನ್ನಡದ ಮೊದಲ ವಾಕ್ಚಿತ್ರ ಸತಿ ಸುಲೋಚನಕ್ಕೆ ಕಥೆ, ಸಂಭಾಷಣೆ, ಹಾಡುಗಳನ್ನು ರಚಿಸಿದವರು ಅವರೇ. ಚಮನ್‌ಲಾಲ್ ಡುಂಗಾಜಿಯವರ ಸೌತ್ ಇಂಡಿಯಾ ಮೂವಿಟೋನ್ ನಿರ್ಮಿಸಿದ, ವೈ.ವಿ. ರಾವ್ ನಿರ್ದೇಶಿಸಿದ ಈ ಚಿತ್ರದ ಚಿತ್ರೀಕರಣ ನಡೆದದ್ದು ದೂರದ ಕೊಲ್ಹಾಪುರದಲ್ಲಿ. ಸುಬ್ಬಯ್ಯ ನಾಯ್ಡು ಇಂದ್ರಜಿತುವಾಗಿ, ತ್ರಿಪುರಾಂಬ ಸುಲೋಚನೆಯಾಗಿ, ಆರ್. ನಾಗೇಂದ್ರರಾಯರು ರಾವಣನಾಗಿ ಅಭಿನಯಿಸಿದರು. 1934ರ ಮಾರ್ಚ್ 3ರಂದು ಚಿತ್ರ ಬೆಂಗಳೂರಿನಲ್ಲಿ ತೆರೆ ಕಂಡಿತು. ತೆರೆಯ ಮೇಲಿನ ನೆರಳುಗಳು ಮೊದಲ ಬಾರಿಗೆ ಕನ್ನಡವಾಡಿದಾಗ ಆಡಿದ ಮಾತುಗಳು ಬೆಳ್ಳಾವಿಯ ಶಾಸ್ತ್ರಿಗಳವು. ರಾಮಾಯಣದ ಕಥೆಯಾದರೂ ಅದು ರಾಕ್ಷಸಕುಲದ ಪತ್ನಿಯೊಬ್ಬಳ ದುಃಖವನ್ನು ನಡುವಿಗೆ ತಂದ ಕಥೆ ಎಂಬುದು ಗಮನಾರ್ಹ.

ವಿಪರ್ಯಾಸವೆಂದರೆ, ಕನ್ನಡ ಚಿತ್ರರಂಗ ತನ್ನ ಹುಟ್ಟುಹಬ್ಬವೆಂದು ನೆನೆಯುವ ಆ ದಿನದ ಚಿತ್ರದ ಪ್ರತಿಯೇ ಇಂದು ಉಳಿದಿಲ್ಲ. ಕಂಪನಿ ನಾಟಕಗಳ ಗತಿಯೂ ಹೆಚ್ಚು ಭಿನ್ನವಲ್ಲ. ನಾಟಕದ ಹಸ್ತಪ್ರತಿ ಕಂಪನಿಯ ಪೆಟ್ಟಿಗೆಯ ಆಸ್ತಿ. ಕಂಪನಿ ಮುಚ್ಚಿದರೆ ಪೆಟ್ಟಿಗೆಯೂ ಚದುರುತ್ತಿತ್ತು. ನಟರ ನೆನಪಿನಲ್ಲಿ ಉಳಿದ ಹಾಡುಗಳು ಬಾಯಿಂದ ಬಾಯಿಗೆ ದಾಟುವಾಗ ಕವಿಯ ಹೆಸರು ಎಲ್ಲಿಯೋ ಕಳಚಿ ಬಿದ್ದಿತು.

ಶಾಸ್ತ್ರಿಗಳ ಕಾಲದಲ್ಲಿಯೇ ವೃತ್ತಿ ರಂಗಭೂಮಿಯ ಬಗೆಗೆ ಕಟುವಾದ ಟೀಕೆಗಳು ಎದ್ದಿದ್ದವು. ಟಿ.ಪಿ. ಕೈಲಾಸಂ, ಶ್ರೀರಂಗರಂತಹವರು ಸಮಕಾಲೀನ ಬದುಕನ್ನು ಗದ್ಯದಲ್ಲಿ ರಂಗಕ್ಕೆ ತಂದರು. ಹಾಡುಗಳ ಅತಿರೇಕ, ಪುರಾಣದ ಪುನರಾವೃತ್ತಿ, ಥಳುಕಿನ ಪರದೆಗಳು ವಿದ್ಯಾವಂತರಿಗೆ ಸಲ್ಲದಾದವು. ಈ ಟೀಕೆಯಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ವಿದ್ಯಾವಂತರ ನಾಟಕ ನಗರದ ಸಭಾಂಗಣ ದಾಟುವ ಮುನ್ನವೇ ಹಳ್ಳಿಯ ಅನಕ್ಷರಸ್ಥನಿಗೆ ಶುದ್ಧವಾದ ಕನ್ನಡವನ್ನು, ರಾಗತಾಳಗಳ ರುಚಿಯನ್ನು ಉಣಬಡಿಸಿದ್ದು ಕಂಪನಿಯ ಕವಿಗಳೇ ಎಂಬುದೂ ಅಷ್ಟೇ ಸತ್ಯ. ಮುಂದೆ ಕನ್ನಡ ಚಿತ್ರರಂಗವನ್ನು ಕಟ್ಟಿದ ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ಮುಂತಾದವರು ಮಾತಿನ ಹದವನ್ನು ಕಲಿತದ್ದು ಇದೇ ಗುಬ್ಬಿ ಕಂಪನಿಯ ಗರಡಿಯಲ್ಲಿ.

ನರಹರಿ ಶಾಸ್ತ್ರಿಗಳು 1961ರಲ್ಲಿ ನಿಧನರಾದರು. ಗುಬ್ಬಿ ವೀರಣ್ಣನವರಿಗೆ ಪದ್ಮಶ್ರೀ ಪ್ರಶಸ್ತಿ ಬಂದಿತು. ಬೆಂಗಳೂರಿನಲ್ಲಿ ಅವರ ಹೆಸರಿನ ರಂಗಮಂದಿರವಿದೆ. ಅದು ನ್ಯಾಯವೇ. ನಟನ ಹೆಸರು ಕಲ್ಲಿನಲ್ಲಿ ನಿಂತಿತು, ನಟನ ನಾಲಗೆಗೆ ಮಾತು ಕೊಟ್ಟವರ ಹೆಸರು ಗಾಳಿಯಲ್ಲಿ ಉಳಿಯಿತು.

ನಮ್ಮ ತಾಲ್ಲೂಕುಗಳ ಹಿರಿಯ ಕಲಾವಿದರ ಬಳಿ, ಹಾರ್ಮೋನಿಯಂ ಮೇಷ್ಟ್ರುಗಳ ಹಳೆಯ ನೋಟುಪುಸ್ತಕಗಳಲ್ಲಿ ಆ ತಲೆಮಾರಿನ ರಂಗಗೀತೆಗಳು ಇನ್ನೂ ಉಳಿದಿರಬಹುದು. ಆ ಕಂಠಗಳು ಅಡಗುವ ಮೊದಲು ಹಾಡನ್ನು ಬರೆದಿಟ್ಟುಕೊಂಡು, ಧ್ವನಿಮುದ್ರಿಸಿಕೊಂಡು, ಪಕ್ಕದಲ್ಲಿ ಕವಿಯ ಹೆಸರನ್ನೂ ಕಾಣಿಸುವುದು ಜಿಲ್ಲೆಯ ರಂಗಾಸಕ್ತರ ಕರ್ತವ್ಯ. ಮುಂದಿನ ಜಾತ್ರೆಯಲ್ಲಿ ಕೃಷ್ಣನ ಪಾತ್ರಧಾರಿ ರಂಗಕ್ಕೆ ಬರುವ ಮುನ್ನ ಬೆಳ್ಳಾವೆ ನರಹರಿ ಶಾಸ್ತ್ರಿಗಳ ಹೆಸರನ್ನು ಒಮ್ಮೆ ಹೇಳಿದರೂ ಸಾಕು, ಅವರಿಗೆ ಅದೇ ತಕ್ಕ ಸ್ಮಾರಕ.