ಅಂಕಿಗಳಿಗೆ ರೇಖೆಯ ರೂಪವಿತ್ತ ವಿಲಿಯಂ ಪ್ಲೇಫೇರ್

ಕಚೇರಿಗಳಲ್ಲಿ ದುಡಿಯುವ ನಮ್ಮ ವಾಚಕರಲ್ಲಿ ಅನೇಕರು ಇಂದು ಕಂಪ್ಯೂಟರಿನಲ್ಲಿಯೇ ಲೆಕ್ಕವಿಡುತ್ತಾರೆ. ಹನ್ನೆರಡು ತಿಂಗಳ ವ್ಯಾಪಾರದ ಅಂಕಿಗಳ ಪಕ್ಕದಲ್ಲಿ, ಉಗುರಿನಷ್ಟು ಜಾಗದಲ್ಲಿ, ಏರಿಳಿಯುವ ಪುಟ್ಟದೊಂದು ರೇಖೆ ಮೂಡುವುದನ್ನು ಅವರು ಕಂಡಿರಬಹುದು. ವೆಬ್ ಪುಟಗಳಲ್ಲಿ ವಾಕ್ಯದ ನಡುವೆಯೂ ಅದು ಕಾಣಿಸಿಕೊಳ್ಳುವುದುಂಟು. ಯಂತ್ರಕ್ಕಿತ್ತ ಕೆಲವೇ ಸಾಲುಗಳ ಕೋಡ್, ಅತ್ಯಧಿಕ ಅಂಕಿಯನ್ನು ಮೇಲಂಚಿನಲ್ಲಿಯೂ ಅತ್ಯಲ್ಪವನ್ನು ಕೆಳಗಡೆಯೂ ಇರಿಸಿ, ಉಳಿದವುಗಳನ್ನು ಪ್ರಮಾಣಾನುಸಾರ ನಡುವೆ ನಿಲ್ಲಿಸಿ, ಬಿಂದುಗಳನ್ನು ಜೋಡಿಸುತ್ತದೆ. ವ್ಯಾಪಾರದ ಅಂಕಿಗಳನ್ನು ಹೀಗೆ ರೇಖೆಯಾಗಿಸಿದ ಮೂಲಪುರುಷನು ವಿಲಿಯಂ ಪ್ಲೇಫೇರ್.

ಈತನು 1759ರಲ್ಲಿ ಸ್ಕಾಟ್ಲೆಂಡಿನ ಡಂಡೀ ಪಟ್ಟಣದ ಬಳಿ ಪಾದ್ರಿಯೊಬ್ಬರ ಮಗನಾಗಿ ಜನಿಸಿದನು. 1772ರಲ್ಲಿ ತಂದೆ ತೀರಿಕೊಳ್ಳಲು ಅಣ್ಣ ಜಾನನೇ ಗುರುವಾದನು. ಮುಂದೆ ಗಣಿತಜ್ಞನೆಂದು ಹೆಸರಾದ ಆ ಅಣ್ಣನು, ದಿನದಿನದ ಉಷ್ಣಮಾನವನ್ನು ಗೆರೆಗಳಲ್ಲಿ ಗುರುತಿಸುವ ಅಭ್ಯಾಸವನ್ನು ತಮ್ಮನಿಗೆ ಮಾಡಿಸಿದನು. ಬಳಿಕ 1777ರಿಂದ ಉಗಿಯಂತ್ರದ ಜೇಮ್ಸ್ ವಾಟ್‌ನ ಬಳಿ ನಕ್ಷೆಗಾರನಾಗಿ ದುಡಿದನು.

1786ರಲ್ಲಿ ಈತನ ವಾಣಿಜ್ಯ ಅಟ್ಲಾಸ್ ಹೊರಬಂದಿತು. ಅದರಲ್ಲಿದ್ದುದು 44 ಚಿತ್ರಗಳು. ಅಡ್ಡಕ್ಕೆ ವರ್ಷ, ಮೇಲ್ಮುಖವಾಗಿ ಹಣ. ಆಯಾತಕ್ಕೊಂದು ಗೆರೆ, ನಿರ್ಯಾತಕ್ಕೊಂದು ಗೆರೆ. ಎರಡರ ನಡುವಣ ಅಂತರವೇ ದೇಶದ ಲಾಭ ನಷ್ಟ! ಸ್ಕಾಟ್ಲೆಂಡಿಗೆ ಮಾತ್ರ ಒಂದೇ ವರ್ಷದ ಅಂಕಿಗಳು ದೊರೆತವು. ಒಂದು ವರ್ಷದಿಂದ ಗೆರೆ ಮೂಡದಷ್ಟೆ? ಆಗ ಒಂದೊಂದು ದೇಶದ ವ್ಯಾಪಾರಕ್ಕೂ ಪಟ್ಟಿಗಳನ್ನೆಳೆದನು. ಸ್ತಂಭಚಿತ್ರವು ಹೀಗೆ ಅಭಾವದಿಂದ ಹುಟ್ಟಿತು. ವೃತ್ತವನ್ನು ಹೋಳುಮಾಡಿ ತೋರಿಸುವ ಕ್ರಮವೂ 1801ರಲ್ಲಿ ಈತನಿಂದಲೇ ಬಂದಿತು.

ರಾಷ್ಟ್ರಗಳ ಜಮಾಖರ್ಚನ್ನು ಬಲ್ಲವನಿಗೆ ಸ್ವಂತ ಗಲ್ಲಾಪೆಟ್ಟಿಗೆ ಮಾತ್ರ ಒಗ್ಗಲಿಲ್ಲ. 1797ರಲ್ಲಿ ಲಂಡನ್ನಿನಲ್ಲಿ ಹೂಡಿದ ಬ್ಯಾಂಕು ಬಹುಬೇಗ ಮುಳುಗಿತು. ಸಾಲಕ್ಕಾಗಿ ಸೆರೆಮನೆಯನ್ನೂ ಕಂಡನು. ವ್ಯಾಪಾರದಲ್ಲಿ ಕೈಸುಟ್ಟುಕೊಂಡ ಜಾಣರನ್ನು ಹೋಟೆಲು ನಡೆಸಿದ ನಾವು ಕಡಮೆ ಕಂಡಿಲ್ಲ.

ಈತನ ಚಿತ್ರಗಳಲ್ಲಿ ನಮಗೆ ಅತಿ ಪ್ರಿಯವಾದುದು 1821ರದು. 1565ರಿಂದ ಮೊದಲ್ಗೊಂಡು ಗೋದಿಯ ಬೆಲೆಯನ್ನು ಸ್ತಂಭಗಳಿಂದಲೂ, ಕುಶಲ ಕೆಲಸಗಾರನ ವಾರದ ಕೂಲಿಯನ್ನು ಗೆರೆಯಿಂದಲೂ ಒಂದೇ ಹಾಳೆಯಲ್ಲಿ ಬರೆದನು. ಕೂಲಿಗೆ ಹೋಲಿಸಿದರೆ ಗೋದಿ ಹಿಂದೆಂದೂ ಅಷ್ಟು ಅಗ್ಗವಾಗಿರಲಿಲ್ಲವೆಂಬುದು ಆತನ ವಾದ. ಒಂದು ಅಳತೆ ಗೋದಿಗೆ ಎಷ್ಟು ವಾರದ ದುಡಿಮೆ ಬೇಕೆಂಬುದನ್ನೇ ಗೆರೆಯಾಗಿಸಿದ್ದರೆ ವಾದವು ಇನ್ನೂ ಸ್ಪಷ್ಟವಾಗುತ್ತಿತ್ತೆಂದು ನಮ್ಮ ಅಭಿಪ್ರಾಯ. ಸಂಬಳ ಏರಿತೆಂಬ ಮಾತಿಗಿಂತ, ಆ ಸಂಬಳಕ್ಕೆ ಎಷ್ಟು ಅಕ್ಕಿ ಬರುತ್ತದೆಂಬ ಪ್ರಶ್ನೆ ನಮ್ಮ ಕಾರ್ಮಿಕ ಬಂಧುಗಳಿಗೆ ಹತ್ತಿರದ್ದಲ್ಲವೆ?

ಎರಡು ವರ್ಷಗಳ ಬಳಿಕ, 1823ರ ಫೆಬ್ರವರಿಯಲ್ಲಿ, ಪ್ಲೇಫೇರನು ಲಂಡನ್ನಿನಲ್ಲಿ ಬಡತನದಲ್ಲಿಯೇ ಕಣ್ಮುಚ್ಚಿದನು.