ಕನ್ನಿಂಗ್‌ಹ್ಯಾಮ್ ರೋಡ್ ಚಿಕ್ಕಪ್ಪನ ಹೆಸರಲ್ಲಿ, ದೊಡ್ಡ ಸಂಖ್ಯೆಗಳ ಲೆಕ್ಕ ಅಣ್ಣನ ಮಗನ ಹೆಸರಲ್ಲಿ!

ಬೆಂಗಳೂರು: ಶಿವಾಜಿನಗರದ ಪಕ್ಕದ ಕನ್ನಿಂಗ್‌ಹ್ಯಾಮ್ ರೋಡ್ ಯಾರಿಗೆ ಗೊತ್ತಿಲ್ಲ? ಆ ಹೆಸರು ಮಾರ್ಕ್ ಕಬ್ಬನ್ ಕಾಲದಲ್ಲಿ ಮೈಸೂರು ಕಮಿಷನ್‌ನಲ್ಲಿದ್ದ ಫ್ರಾನ್ಸಿಸ್ ಕನ್ನಿಂಗ್‌ಹ್ಯಾಮ್ ಅವರದು. ಆದರೆ ಜಗತ್ತಿನ ಗಣಿತಜ್ಞರಿಗೆ ಕನ್ನಿಂಗ್‌ಹ್ಯಾಮ್ ಅಂದ್ರೆ ಅವರಲ್ಲ, ಅವರ ಅಣ್ಣನ ಮಗ ಅಲನ್.

ಅಲನ್ ಜೋಸೆಫ್ ಚಾಂಪ್ನೀಸ್ ಕನ್ನಿಂಗ್‌ಹ್ಯಾಮ್ ಹುಟ್ಟಿದ್ದು 1842ರಲ್ಲಿ, ದೆಹಲಿಯಲ್ಲಿ. ತಂದೆ ಅಲೆಕ್ಸಾಂಡರ್ ಕನ್ನಿಂಗ್‌ಹ್ಯಾಮ್, ಭಾರತದ ಪುರಾತತ್ವ ಇಲಾಖೆಯ ಸ್ಥಾಪಕರು. ಮಗ ಬೆಂಗಾಲ್ ಇಂಜಿನಿಯರ್ಸ್ ಸೇರಿದರು. 1871ರಿಂದ 1881ರವರೆಗೆ ರೂರ್ಕಿಯ ಥಾಮಸನ್ ಇಂಜಿನಿಯರಿಂಗ್ ಕಾಲೇಜಿನಲ್ಲಿ ಗಣಿತದ ಮೇಷ್ಟ್ರು. ಅಲ್ಲೇ ಗಂಗಾ ಕಾಲುವೆಯಲ್ಲಿ ನೀರಿನ ಹರಿವನ್ನು ಅಳೆಯುವ ಪ್ರಯೋಗಗಳನ್ನೂ ನಡೆಸಿದರು.

1891ರಲ್ಲಿ ಸೇನೆ ಬಿಟ್ಟರು. ಆಮೇಲೆ ಉಳಿದ 37 ವರ್ಷವೂ ಒಂದೇ ಗೀಳು: ದೊಡ್ಡ ಸಂಖ್ಯೆ ಅವಿಭಾಜ್ಯವೋ ಅಲ್ಲವೋ, ಅಲ್ಲದಿದ್ದರೆ ಅದನ್ನು ಒಡೆಯೋದು ಹೇಗೆ?

ಅವರ ಒಂದು ಬೇಟೆ ನೋಡಿ. 2ನ್ನು 2048 ಸಲ ಗುಣಿಸಿ 1 ಕೂಡಿಸಿದರೆ 617 ಅಂಕಿಗಳ ಸಂಖ್ಯೆ ಬರುತ್ತೆ. ಕಂಪ್ಯೂಟರ್ ಇಲ್ಲದ 1899ರಲ್ಲಿ ಅದನ್ನು ಭಾಗಿಸುವ 319489 ಮತ್ತು 974849 ಎಂಬ ಎರಡು ಅವಿಭಾಜ್ಯಗಳನ್ನು ಅವರು ಪತ್ತೆ ಹಚ್ಚಿದರು.

ಇದು ಕಣ್ಣುಮುಚ್ಚಿ ಹುಡುಕಿದ್ದಲ್ಲ. ಈ ಸಂಖ್ಯೆಯ ಅವಿಭಾಜ್ಯ ಅಪವರ್ತನ ಯಾವುದೇ ಇರಲಿ, 8192ರ ಗುಣಕಕ್ಕಿಂತ 1 ಹೆಚ್ಚಿರಲೇಬೇಕು. 8192ನ್ನು 39ರಿಂದ ಗುಣಿಸಿ 1 ಕೂಡಿಸಿ, ಮೊದಲನೆಯದು ಸಿಗುತ್ತೆ. 119ರಿಂದ ಗುಣಿಸಿ 1 ಕೂಡಿಸಿದರೆ ಎರಡನೆಯದು. ಪರೀಕ್ಷೆಗೆ 617 ಅಂಕಿ ಬರೆಯಬೇಕಾಗಿಯೂ ಇಲ್ಲ. 2ರಿಂದ ಶುರು ಮಾಡಿ 11 ಸಲ ವರ್ಗ ಮಾಡ್ತಾ, ಪ್ರತಿ ಸಲ ಭಾಗಿಸಿ ಶೇಷವನ್ನಷ್ಟೇ ಇಟ್ಟುಕೊಂಡರೆ ಸಾಕು. ಕೊನೆಯ ಶೇಷ ಭಾಜಕಕ್ಕಿಂತ 1 ಕಡಿಮೆ ಬಂದರೆ ಲೆಕ್ಕ ಸರಿ. ಎಲ್ಲಾದರೂ ಒಂದು ಅಂಕಿ ತಪ್ಪಿದರೆ ಅಷ್ಟೂ ಶ್ರಮ ನೀರುಪಾಲು.

2, 5, 11, 23, 47 ನೋಡಿ: ಪ್ರತಿ ಸಂಖ್ಯೆಯನ್ನು ದುಪ್ಪಟ್ಟು ಮಾಡಿ 1 ಕೂಡಿಸಿದರೆ ಮುಂದಿನ ಅವಿಭಾಜ್ಯ. ಮುಂದಿನದು 95, ಅದು 5ರಿಂದ ಭಾಗವಾಗುತ್ತೆ, ಸರಪಳಿ ಅಲ್ಲಿಗೆ ಕಡಿಯುತ್ತೆ. ಇಂಥವಕ್ಕೆ ಇಂದಿಗೂ ಕನ್ನಿಂಗ್‌ಹ್ಯಾಮ್ ಸರಪಳಿ ಅಂತಲೇ ಹೆಸರು.

1925ರಲ್ಲಿ, 83ರ ಇಳಿವಯಸ್ಸಿನಲ್ಲಿ, ವುಡಾಲ್ ಜೊತೆ ಸೇರಿ ತಮ್ಮ ಅಪವರ್ತನ ಕೋಷ್ಟಕಗಳ ಪುಸ್ತಕ ಹೊರತಂದರು. ಎಷ್ಟೋ ಜಾಗ ಖಾಲಿ ಉಳಿದಿತ್ತು. 1928ರಲ್ಲಿ ತೀರಿಕೊಂಡರು.

ಆ 617 ಅಂಕಿಗಳ ಸಂಖ್ಯೆ ಪೂರ್ತಿ ಒಡೆದದ್ದು 1988ರಲ್ಲಿ, ರಿಚರ್ಡ್ ಬ್ರೆಂಟ್ ಅವರ ಕಂಪ್ಯೂಟರ್ ಲೆಕ್ಕದಿಂದ. ಕೊನೆಗೆ ಉಳಿದ ತುಂಡು 564 ಅಂಕಿಗಳ ಒಂದು ಅವಿಭಾಜ್ಯ! ಖಾಲಿ ಜಾಗ ತುಂಬುವ ಕೆಲಸ ಕನ್ನಿಂಗ್‌ಹ್ಯಾಮ್ ಪ್ರಾಜೆಕ್ಟ್ ಹೆಸರಲ್ಲಿ ಮುಂದುವರಿದಿದೆ.

ದೊಡ್ಡ ಸಂಖ್ಯೆ ಒಡೆಯೋದು ಇಷ್ಟು ಕಷ್ಟ ಅನ್ನೋದೇ ಇವತ್ತು ಇಂಟರ್ನೆಟ್‌ನಲ್ಲಿ ಬಳಸುವ ಆರ್‌ಎಸ್‌ಎ ಎಂಬ ಬೀಗದ ಬಲ. ಬಾಳೇಕುಂದ್ರಿ ಸರ್ಕಲ್‌ನ ಸಿಗ್ನಲ್‌ನಲ್ಲಿ ನಿಂತವರ ಮೊಬೈಲ್‌ಗೂ ಆ ಲೆಕ್ಕಕ್ಕೂ ನಂಟಿದೆ. ಬೋರ್ಡಿನ ಮೇಲಿರೋದು ಮಾತ್ರ ಚಿಕ್ಕಪ್ಪನ ಹೆಸರು.