ಗ್ರಂಥಪಾಲಕ ರಂಗನಾಥನ್

ಮಹಾನವಮಿಯ ದಿನಗಳಲ್ಲಿ ಪುಸ್ತಕಗಳನ್ನು ಮಣೆಯ ಮೇಲೆ ಪೇರಿಸಿ, ಅರಿಶಿನ ಕುಂಕುಮವಿಟ್ಟು ಪೂಜಿಸುವುದು ನಮ್ಮ ಮನೆಗಳ ವಾಡಿಕೆ. ಪೂಜೆಗಿಟ್ಟ ಪುಸ್ತಕವನ್ನು ವಿಜಯದಶಮಿಯವರೆಗೆ ಯಾರೂ ತೆರೆಯುವಂತಿಲ್ಲ. ವರ್ಷಕ್ಕೊಮ್ಮೆ ವಿದ್ಯಾದೇವತೆಗೆ ಸಲ್ಲುವ ಈ ವಿಶ್ರಾಂತಿ ಸೊಗಸಾದದ್ದೇ. ಆದರೆ ನಮ್ಮ ಅನೇಕ ವಿದ್ಯಾಸಂಸ್ಥೆಗಳಲ್ಲಿ ವರ್ಷದ ಉಳಿದ ದಿನಗಳಲ್ಲಿಯೂ ಪುಸ್ತಕಗಳು ಪೂಜೆಗೆ ಕುಳಿತಂತೆಯೇ ಇರುತ್ತವೆ. ಗಾಜಿನ ಬೀರು, ಬೀರುವಿಗೆ ಬೀಗ, ಬೀಗದ ಕೈ ಯಾರದೋ ಮೇಜಿನ ಒಳಗೆ. ಪುಸ್ತಕ ಕಳೆದುಹೋದೀತೆಂಬ ಭಯವು, ಅದನ್ನು ಓದುವವನು ಬರಲೆಂಬ ಹಂಬಲವನ್ನು ನುಂಗಿಬಿಟ್ಟಿರುತ್ತದೆ. ಕಾಪಾಡುವುದು ಹೆಚ್ಚೋ, ಓದಿಸುವುದು ಹೆಚ್ಚೋ ಎಂಬ ಈ ವ್ಯಾಜ್ಯವನ್ನು ತೀರಿಸುವುದರಲ್ಲಿಯೇ ಬಾಳನ್ನು ಸವೆಸಿದ ಮಹನೀಯರೊಬ್ಬರು ತಮ್ಮ ಕೊನೆಯ ವರ್ಷಗಳನ್ನು ನಮ್ಮ ಬೆಂಗಳೂರಿನಲ್ಲಿಯೇ ಕಳೆದರು. ಅವರೇ ಶಿಯಾಳಿ ರಾಮಾಮೃತ ರಂಗನಾಥನ್.

ರಂಗನಾಥನ್ ಹುಟ್ಟಿದ್ದು 1892ರ ಆಗಸ್ಟ್ ತಿಂಗಳಲ್ಲಿ, ತಂಜಾವೂರು ಸೀಮೆಯ ಶಿಯಾಳಿಯಲ್ಲಿ. ಆರು ವರ್ಷದ ಬಾಲಕನಾಗಿದ್ದಾಗಲೇ ತಂದೆಯನ್ನು ಕಳೆದುಕೊಂಡರು. ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಎಡ್ವರ್ಡ್ ರಾಸ್ ಎಂಬ ಗಣಿತಾಚಾರ್ಯರ ಶಿಷ್ಯರಾಗಿ ಎಂ.ಎ. ಪದವಿಯನ್ನು ಪಡೆದರು. ಗುರುಶಿಷ್ಯರ ಆ ಬಾಂಧವ್ಯ ಕಡೆಯವರೆಗೂ ಸಡಿಲವಾಗಲಿಲ್ಲ. 1917ರಲ್ಲಿ ಅವರಿಗೆ ಮೊದಲ ಉಪಾಧ್ಯಾಯ ವೃತ್ತಿ ದೊರೆತದ್ದು ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ. ಕನ್ನಡ ನೆಲದಲ್ಲಿ ಗಣಿತವನ್ನು ಕಲಿಸುತ್ತ ಆರಂಭವಾದ ಅವರ ದುಡಿಮೆ ಮತ್ತೆ ಕನ್ನಡ ನೆಲದಲ್ಲಿಯೇ ಪೂರ್ಣಗೊಂಡಿತೆಂಬುದು ನಮಗೆ ಅಭಿಮಾನದ ಸಂಗತಿ. ಮಂಗಳೂರಿನಿಂದ ಕೊಯಮತ್ತೂರಿಗೂ ಅಲ್ಲಿಂದ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿಗೂ ಅವರು ಹೋದರು.

1924ರ ಜನವರಿಯಲ್ಲಿ ಅವರು ಮದರಾಸು ವಿಶ್ವವಿದ್ಯಾನಿಲಯದ ಮೊದಲ ಗ್ರಂಥಪಾಲಕರಾದರು. ಮನಸ್ಸಿದ್ದು ಆದದ್ದಲ್ಲ, ಮಿತ್ರರ ಒತ್ತಾಯಕ್ಕೆ ಅರ್ಜಿ ಹಾಕಿದ್ದರು. ತರಗತಿಯ ಗಲಗಲದಲ್ಲಿ ಬೆಳೆದ ಅಧ್ಯಾಪಕರಿಗೆ ಓದುಗರಿಲ್ಲದ ಆ ಮೌನಮಂದಿರದಲ್ಲಿ ಉಸಿರು ಕಟ್ಟಿದಂತಾಯಿತು. ಕೆಲವೇ ದಿನಗಳಲ್ಲಿ ಪ್ರೆಸಿಡೆನ್ಸಿ ಕಾಲೇಜಿನ ಪ್ರಿನ್ಸಿಪಾಲರಲ್ಲಿಗೆ ಹೋಗಿ ತಮ್ಮನ್ನು ಹಿಂದಕ್ಕೆ ಕರೆಸಿಕೊಳ್ಳಬೇಕೆಂದು ಬೇಡಿಕೊಂಡರು. ಲಂಡನ್ನಿಗೆ ಹೋಗಿ ಗ್ರಂಥಾಲಯ ವಿದ್ಯೆಯನ್ನು ಕಲಿತು ಬಂದಮೇಲೂ ಬೇಸರ ಕಳೆಯದಿದ್ದರೆ ಆಗ ನೋಡೋಣವೆಂದು ಆ ಹಿರಿಯರು ಸಮಾಧಾನ ಮಾಡಿ ಕಳುಹಿಸಿದರು. ಆ ಮಾತು ಒಂದು ಜೀವನದ ದಿಕ್ಕನ್ನೇ ತಿರುಗಿಸಿತು.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಬರ್ವಿಕ್ ಸೇಯರ್ಸ್ ಎಂಬ ವಿದ್ವಾಂಸರು ಅವರಿಗೆ ಗುರುಗಳಾದರು. ರಂಗನಾಥನ್ ತರಗತಿಯಲ್ಲಿ ಕುಳಿತದ್ದಕ್ಕಿಂತ ಹೆಚ್ಚಾಗಿ ಊರೂರಿನ ಗ್ರಂಥಾಲಯಗಳನ್ನು ಸುತ್ತಿದರು. ಅಲ್ಲಿ ಕಂಡದ್ದು ಪುಸ್ತಕಗಳ ರಾಶಿಗಿಂತಲೂ ಮುಖ್ಯವಾದದ್ದು. ಕಾರ್ಮಿಕರು, ಗೃಹಿಣಿಯರು, ಮಕ್ಕಳು ತಾವೇ ಕಪಾಟುಗಳ ನಡುವೆ ನಡೆದಾಡಿ, ಬೇಕಾದ ಪುಸ್ತಕವನ್ನು ತಾವೇ ಆರಿಸಿಕೊಳ್ಳುತ್ತಿದ್ದರು. ಹಿಂದೆ ಅದೇ ಯೂರೋಪಿನಲ್ಲಿ ಪುಸ್ತಕಗಳನ್ನು ಕಬ್ಬಿಣದ ಸರಪಣಿಯಿಂದ ಮೇಜಿಗೆ ಬಿಗಿದಿಡುತ್ತಿದ್ದರು. ಇಂಗ್ಲೆಂಡಿನ ಹೆರೆಫರ್ಡ್ ಪ್ರಧಾನ ಇಗರ್ಜಿಯಲ್ಲಿ ಅಂಥ ಗ್ರಂಥಾಲಯವೊಂದು ಇಂದಿಗೂ ನೋಡಲು ಸಿಗುತ್ತದೆ. ಸರಪಣಿಯಿಂದ ಸ್ವಾತಂತ್ರ್ಯದವರೆಗೆ ಅವರು ನಡೆದ ದೂರವನ್ನು ನಾವೂ ನಡೆಯಬೇಕೆಂದು ರಂಗನಾಥನ್ ನಿಶ್ಚಯಿಸಿದರು. ಅಲ್ಲಿನ ಅಂಗಡಿಯೊಂದರಲ್ಲಿ ಮಕ್ಕಳ ಆಟಿಕೆಯ ಬಿಡಿ ತುಂಡುಗಳನ್ನು ಬಗೆಬಗೆಯಾಗಿ ಜೋಡಿಸುವುದನ್ನು ಕಂಡು, ಜ್ಞಾನದ ಶಾಖೆಗಳನ್ನೂ ಹಾಗೆಯೇ ಜೋಡಿಸಬಹುದೆಂದು ಅವರಿಗೆ ಹೊಳೆಯಿತು. 1933ರಲ್ಲಿ ಅಚ್ಚಾದ ಅವರ ಕೋಲನ್ ವರ್ಗೀಕರಣ ಪದ್ಧತಿಯ ಬೀಜವಿದು.

1925ರಲ್ಲಿ ಹಿಂದಿರುಗಿದವರು ಮತ್ತೆ ಗಣಿತದ ತರಗತಿಯನ್ನು ನೆನೆಯಲಿಲ್ಲ. ಓದುಗನು ಚೀಟಿ ಬರೆದುಕೊಟ್ಟು ಕಾಯುತ್ತ ನಿಲ್ಲುವ ಪದ್ಧತಿಯನ್ನು ಬಿಟ್ಟು, ಅವನನ್ನು ಕಪಾಟಿನವರೆಗೂ ಬಿಡುವ ಪದ್ಧತಿಯನ್ನು ತಂದರು. ಹಾಗೆಂದು ಅವರು ಬಾಗಿಲನ್ನು ಹಾರುಹೊಡೆದು ಕುಳಿತ ಉದಾರಿಗಳಲ್ಲ, ಗಣಿತಜ್ಞರು. ರಕ್ಷಣೆಯ ಲೆಕ್ಕವನ್ನೂ ಕಟ್ಟುನಿಟ್ಟಾಗಿ ಹಾಕಿದರು. ಒಳಗೆ ಬರುವುದಕ್ಕೂ ಹೊರಗೆ ಹೋಗುವುದಕ್ಕೂ ಒಂದೇ ಸ್ಥಳ. ಅಲ್ಲಿ ಒಬ್ಬೊಬ್ಬರೇ ದಾಟುವ ಚಿಕ್ಕ ತಡೆಬಾಗಿಲು. ಮೇಜಿನ ಬಳಿಯ ನೌಕರನು ಬಿಟ್ಟಲ್ಲದೆ ಅದು ತೆರೆಯದು. ಉಳಿದ ದಾರಿಗಳೆಲ್ಲ ಮುಚ್ಚಿರಬೇಕು, ಪುಸ್ತಕವನ್ನು ಹೊರಕ್ಕೆ ಜಾರಿಸಲಾಗದಂತೆ ಕಿಟಕಿಗಳಿಗೆ ತಂತಿಯ ಬಲೆ ಇರಬೇಕು. 1894ರಲ್ಲಿ ಲಂಡನ್ನಿನ ಕ್ಲರ್ಕನ್‌ವೆಲ್ ಗ್ರಂಥಾಲಯದಲ್ಲಿ ಜೇಮ್ಸ್ ಡಫ್ ಬ್ರೌನ್ ಎಂಬಾತನು ತೋರಿದ ದಾರಿಯಿದು. ಕಾವಲೆಲ್ಲ ಹೊಸ್ತಿಲಲ್ಲಿ, ಒಳಗೆ ನಂಬಿಕೆ — ಇದೇ ಅದರ ಮರ್ಮ. ನಮ್ಮ ವಿಶ್ವವಿದ್ಯಾನಿಲಯಗಳು ಈಚೆಗೆ ಅಳವಡಿಸಿಕೊಳ್ಳುತ್ತಿರುವ ವಿದ್ಯುನ್ಮಾನ ದ್ವಾರ, ಪುಸ್ತಕದೊಳಗಿನ ಗುರುತುಪಟ್ಟಿ, ಕ್ಯಾಮೆರಾ ಮೊದಲಾದವೂ ಈ ಹೊಸ್ತಿಲಿನ ಕಾವಲಿನ ಹೊಸ ರೂಪಗಳೇ. ಕ್ಯಾಮೆರಾ ಹಾಕಿಯೂ ಬೀರುವಿನ ಬೀಗವನ್ನು ತೆಗೆಯದಿದ್ದರೆ ಆ ಖರ್ಚೆಲ್ಲ ವ್ಯರ್ಥ.

ಇಷ್ಟು ಮಾಡಿದರೂ ಕೆಲವು ಪುಸ್ತಕಗಳು ಹೋಗುವುವು. ಅದನ್ನು ರಂಗನಾಥನ್ ಮರೆಮಾಚಲಿಲ್ಲ. ಹೋದ ನಾಲ್ಕಾರು ಪುಸ್ತಕಗಳ ಬೆಲೆಯನ್ನು, ತೆರೆದ ಕಪಾಟಿನಿಂದ ಬೆಳೆದ ಓದಿನ ಬೆಲೆಯೊಡನೆ ತೂಗಿ ನೋಡಬೇಕೆಂಬುದು ಅವರ ವಾದ. ಸಾಮಾನ್ಯವಾಗಿ ಗ್ರಂಥಪಾಲಕನ ಕೈಯನ್ನು ಕಟ್ಟಿಹಾಕುವುದು ಕಳ್ಳನಲ್ಲ, ವರ್ಷಾಂತ್ಯದ ಎಣಿಕೆ. ಕಳೆದ ಪುಸ್ತಕಕ್ಕೆ ತನ್ನ ಸಂಬಳದಿಂದ ತೆರಬೇಕಾದೀತೆಂಬ ಅಳುಕಿದ್ದವನು ಬೀಗವನ್ನಲ್ಲದೆ ಬೇರೇನನ್ನು ನಂಬಿಯಾನು? ಕೇಂದ್ರ ಸರ್ಕಾರದ 2017ರ ಸಾಮಾನ್ಯ ಆರ್ಥಿಕ ನಿಯಮಗಳು ಈ ಮಾತಿಗೆ ಒಂದು ಅಳತೆಯನ್ನು ಕೊಟ್ಟಿವೆ. ಓದಿಗೆ ಹೋದ 1000 ಪುಸ್ತಕಗಳಿಗೆ ವರ್ಷಕ್ಕೆ 5ರಂತೆ ಕಳೆದರೆ, ಅಪ್ರಾಮಾಣಿಕತೆ ಅಥವಾ ಅಲಕ್ಷ್ಯ ಕಾರಣವಲ್ಲದಿದ್ದಲ್ಲಿ, ಅದನ್ನು ಸಹಜ ನಷ್ಟವೆಂದೇ ಎಣಿಸಬಹುದು. 1000 ರೂಪಾಯಿ ಮೀರಿದ ಪುಸ್ತಕವೂ ಅಪೂರ್ವ ಗ್ರಂಥವೂ ಕಳೆದರೆ ಮಾತ್ರ ತನಿಖೆ ಆಗಲೇಬೇಕು. ಈ ಅಳತೆಯನ್ನು ಕಾಲೇಜುಗಳ ಆಡಳಿತದವರು ಮನಸ್ಸಿಗೆ ತಂದುಕೊಂಡರೆ ಎಷ್ಟೋ ಬೀಗಗಳು ತಾವಾಗಿಯೇ ಸಡಿಲಗೊಂಡಾವು.

ಅಪೂರ್ವ ಗ್ರಂಥಗಳ ಮಾತು ಬೇರೆ. ಅವಕ್ಕೆ ಭದ್ರವಾದ ಕೋಣೆ ಬೇಕು. ಆದರೆ ಅಲ್ಲಿಯೂ ಕಾಪಾಡುವುದು ಅರ್ಧ ಕೆಲಸ ಮಾತ್ರ. ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ತಂಜಾವೂರು ಸೀಮೆಯ ಪಂಡಿತರೊಬ್ಬರು ತಂದೊಪ್ಪಿಸಿದ ತಾಳೆಗರಿಯ ಕಟ್ಟನ್ನು ರುದ್ರಪಟ್ಟಣದ ಶಾಮಶಾಸ್ತ್ರಿಗಳು ಬಿಚ್ಚಿ ಓದದೆ ಇದ್ದಿದ್ದರೆ, 1909ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರ ಅಚ್ಚಿನ ಬೆಳಕನ್ನು ಕಾಣುತ್ತಿರಲಿಲ್ಲ. ಓದುವವನಿಲ್ಲದ ಗ್ರಂಥ ಭದ್ರವಾಗಿದ್ದೂ ಕಳೆದುಹೋದಂತೆಯೇ ಸರಿ.

ರಂಗನಾಥನ್ ತಮ್ಮ ವಿಚಾರವನ್ನೆಲ್ಲ ಐದು ಸೂತ್ರಗಳಲ್ಲಿ ಅಡಕಗೊಳಿಸಿ 1931ರಲ್ಲಿ ಗ್ರಂಥರೂಪದಲ್ಲಿ ಹೊರತಂದರು. ಅದರ ಮೊದಲ ಎಳೆಯನ್ನು ಹಿಡಿದುಕೊಟ್ಟವರು ಹಳೆಯ ಗುರುಗಳಾದ ರಾಸ್ ಅವರೇ. ಪುಸ್ತಕ ಇರುವುದು ಬಳಕೆಗೆ. ಪ್ರತಿಯೊಬ್ಬನಿಗೂ ತಕ್ಕ ಪುಸ್ತಕವುಂಟು, ಪ್ರತಿಯೊಂದು ಪುಸ್ತಕಕ್ಕೂ ತಕ್ಕ ಓದುಗನುಂಟು. ಓದುಗನ ಹೊತ್ತನ್ನು ಹಾಳುಮಾಡಬಾರದು. ಗ್ರಂಥಾಲಯವು ಬೆಳೆಯುವ ಜೀವಿ — ಸ್ಥೂಲವಾಗಿ ಇದಿಷ್ಟು ಅವರ ಮತ. ಅದೇ ವರ್ಷ ತಂಜಾವೂರು ಜಿಲ್ಲೆಯ ಮನ್ನಾರ್‌ಗುಡಿಯಲ್ಲಿ ಎತ್ತಿನ ಗಾಡಿಯೊಂದು ಪುಸ್ತಕಗಳನ್ನು ಹೊತ್ತು ಹಳ್ಳಿಗಳಿಗೆ ಹೊರಟಿತು. ಅದರ ಹಿಂದೆಯೂ ಅವರ ಪ್ರೇರಣೆಯಿದ್ದಿತು. ಬರಲಾರದ ಓದುಗನ ಬಳಿಗೆ ಪುಸ್ತಕವೇ ಹೋಗುವುದು ಅವರಿಗೆ ಸೂತ್ರದ ಸಹಜವಾದ ಮುಂದುವರಿಕೆ.

ಎರಡು ದಶಕಗಳ ಮದರಾಸು ಸೇವೆಯ ತರುವಾಯ ಕಾಶಿಯ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಸುಮಾರು ಒಂದು ಲಕ್ಷ ಪುಸ್ತಕಗಳನ್ನು ಒಬ್ಬರೇ ವರ್ಗೀಕರಿಸಿದರು. ಆಮೇಲೆ ದೆಹಲಿಯಲ್ಲಿ ಪಾಠ ಹೇಳಿದರು. 1957ರಲ್ಲಿ ಪದ್ಮಶ್ರೀ ಬಂದಿತು. ಆ ವೇಳೆಗೆ ಬೆಂಗಳೂರು ಅವರ ನೆಲೆಯಾಗಿದ್ದಿತು. ಕೂಡಿಟ್ಟಿದ್ದ ಒಂದು ಲಕ್ಷ ರೂಪಾಯಿಯನ್ನು ಪತ್ನಿ ಶಾರದೆಯವರ ಹೆಸರಿನಲ್ಲಿ ಗ್ರಂಥಾಲಯಶಾಸ್ತ್ರದ ಪೀಠಕ್ಕೆಂದು ಮದರಾಸು ವಿಶ್ವವಿದ್ಯಾನಿಲಯಕ್ಕೆ ಕೊಟ್ಟುಬಿಟ್ಟರು. 1962ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಆಶ್ರಯದಲ್ಲಿ ಬೆಂಗಳೂರಿನಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿಯ ಕೇಂದ್ರವನ್ನು ತೆರೆದರು. 1965ರಲ್ಲಿ ರಾಷ್ಟ್ರೀಯ ಸಂಶೋಧನ ಪ್ರಾಧ್ಯಾಪಕರಾದರು. ಅದೇ ವರ್ಷ ಮೈಸೂರು ರಾಜ್ಯಕ್ಕೆ ಸಾರ್ವಜನಿಕ ಗ್ರಂಥಾಲಯಗಳ ಕಾನೂನು ಬಂದಿತು. ಗ್ರಂಥಾಲಯವು ದಾನಿಗಳ ದಯೆಯಲ್ಲ, ಕರದ ಹಣದಿಂದ ನಡೆಯಬೇಕಾದ ಪ್ರಜೆಗಳ ಹಕ್ಕು ಎಂಬ, ಅವರು ಬಹುಕಾಲದಿಂದ ಸಾರುತ್ತಿದ್ದ ತತ್ತ್ವವೇ ಅದರ ತಿರುಳು. 1972ರ ಸೆಪ್ಟೆಂಬರ್ 27ರಂದು ಅವರು ಬೆಂಗಳೂರಿನಲ್ಲಿ ಕಾಲವಾದರು.

ಇಷ್ಟು ದೊಡ್ಡ ಬಾಳಿನ ಬೆಳಕು ನಮ್ಮ ಸಾದಲಿಯಂಥ ಊರಿಗೆ ಎಷ್ಟು ತಲುಪಿದೆಯೆಂದು ನಾನು ಹಲವು ಸಲ ಯೋಚಿಸಿದ್ದುಂಟು. ಶಿಡ್ಲಘಟ್ಟ ಸೀಮೆಯ ಈ ಹಳ್ಳಿಗಳಲ್ಲಿ ರೇಷ್ಮೆಹುಳು ಜ್ವರವೆದ್ದು ಏಳುವ ಹೊತ್ತೇ ಮನೆಯವರ ಹೊತ್ತು. ಬೆಳಗ್ಗೆ ಹಿಪ್ಪುನೇರಳೆ ಸೊಪ್ಪನ್ನು ಕೊಯ್ದುಕೊಟ್ಟು ಬಸ್ಸು ಹಿಡಿದು ಬರುವ ಹುಡುಗಿಗೆ ತರಗತಿ ಮುಗಿಯುವುದೂ ಗ್ರಂಥಾಲಯದ ಬಾಗಿಲು ಹಾಕುವುದೂ ಒಟ್ಟಿಗೇ ಆದರೆ, ಓದುಗನ ಹೊತ್ತಿಗೆ ಬೆಲೆ ಕೊಡಬೇಕೆಂಬ ಸೂತ್ರ ಅವಳ ಪಾಲಿಗೆ ಏನಾಯಿತು? ಪಠ್ಯದ ಹೆಸರನ್ನು ಮಾತ್ರ ಬಲ್ಲವಳು ಚೀಟಿಯಲ್ಲಿ ಇನ್ನಾವ ಹೆಸರನ್ನು ಬರೆದಾಳು? ಕಪಾಟಿನ ಮುಂದೆ ನಿಂತು, ಕೇಳಿಯೇ ಇರದ ಪುಸ್ತಕವೊಂದನ್ನು ಕೈಗೆತ್ತಿಕೊಳ್ಳುವ ಅವಕಾಶವೇ ಅವಳಿಗೆ ನಿಜವಾದ ವಿಶ್ವವಿದ್ಯಾನಿಲಯ. ನಗರದ ಹುಡುಗರಿಗೆ ಪುಸ್ತಕದಂಗಡಿಯಲ್ಲಿ ಸಿಗುವ ಆ ಸುಖ ಇವಳಿಗೆ ಬೇರೆಲ್ಲಿಯೂ ಸಿಗದು.

ಆಗಸ್ಟ್ 12ನ್ನು ರಂಗನಾಥನ್ ಅವರ ನೆನಪಿಗಾಗಿ ದೇಶದಲ್ಲಿ ಗ್ರಂಥಪಾಲಕರ ದಿನವೆಂದು ಆಚರಿಸುತ್ತಾರೆ. ಭಾವಚಿತ್ರಕ್ಕೆ ಹಾರ ಬೀಳುತ್ತದೆ, ಭಾಷಣಗಳಾಗುತ್ತವೆ. ಪೂಜೆಯೊಂದೇ ಸಾಲದೆಂದು ಬಾಳೆಲ್ಲ ತೋರಿಸಿಕೊಟ್ಟವರಿಗೆ ಸಲ್ಲಬೇಕಾದ ಗೌರವ ಬೇರೆ. ಆ ದಿನ ಪ್ರತಿಯೊಂದು ಕಾಲೇಜಿನವರೂ ಒಂದೊಂದು ಬೀರುವಿನ ಬೀಗವನ್ನು ತೆಗೆದು, ಹೊಸ್ತಿಲಲ್ಲಿ ಕಾವಲನ್ನು ಬಲಪಡಿಸಿ, ಬಾಗಿಲನ್ನು ಇನ್ನೊಂದು ಗಂಟೆ ಹೆಚ್ಚಾಗಿ ತೆರೆದಿಡಲಿ. ವರ್ಷದ ಕೊನೆಗೆ ಎಷ್ಟು ಪುಸ್ತಕಗಳು ಹೋದುವೆಂದು ಎಣಿಸುವವರು ಎಷ್ಟು ಪುಸ್ತಕಗಳನ್ನು ಓದಿದರೆಂಬುದನ್ನೂ ಅದರ ಪಕ್ಕದಲ್ಲಿಯೇ ಬರೆಯಲಿ. ಲೆಕ್ಕದ ಮೇಷ್ಟರಾಗಿದ್ದ ರಂಗನಾಥನ್ ಅವರಿಗೆ ಒಪ್ಪಿಗೆಯಾಗುವ ಲೆಕ್ಕ ಅದು.